ತುಂಬಿದ ಹಗೇವಿಗೆ ಮತ್ತಷ್ಟು ಕಬ್ಬಿಣ

ಬಿಳಿಚಿಕೊಂಡ ಹೆಂಗಸಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ಕಬ್ಬಿಣ ಕೊಡಿ" ಎಂದು ಮುಂದಿನ ಮಂಚಕ್ಕೆ ದಾಟುವ ಡಾಕ್ಟರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಮಾತು ಬಹಳ ಸಲ ಸರಿಯಾಗಿಯೇ ಇರುತ್ತದೆ. ಸಿಟ್ಟು ಬರುವುದೂ ಅದಕ್ಕೇ. ಬರಿಗಾಲಲ್ಲಿ ತೋಟ ಮಾಡುವವರ ಕರುಳಿನಲ್ಲಿ ಕೊಕ್ಕೆಹುಳು ಇರುತ್ತದೆ, ಅದು ರಕ್ತ ಹೀರುತ್ತದೆ, ಹುಳಕ್ಕೆ ಔಷಧಿ ಕೊಟ್ಟು ಕಬ್ಬಿಣ ತಿನ್ನಿಸಿದರೆ ಮುಖಕ್ಕೆ ಬಣ್ಣ ಬರುತ್ತದೆ. ಹೀಗೆ ಸರಿಯಾಗುತ್ತಲೇ ಹೋಗಿ ಅದೊಂದು ಅಭ್ಯಾಸವಾದ ಮೇಲೆ, ಯಾವತ್ತೋ ಒಂದು ದಿನ ತಪ್ಪಿದಾಗ ತಡೆದು ಕೇಳುವ ಬುದ್ಧಿ ಯಾರಿಗೂ ಉಳಿದಿರುವುದಿಲ್ಲ.

ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಯಶವಂತಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬಿನ ಡಾಕ್ಟರಾಗಿದ್ದೆ. ಲ್ಯಾಬೆಂದರೆ ಅಡುಗೆಮನೆಯ ಹಿಂದಿನ ಒಂದು ಉದ್ದನೆಯ ಕೋಣೆ. ಗೂಡ್ಸ್ ರೈಲು ಹೋದಾಗಲೆಲ್ಲ ಮೈಕ್ರೋಸ್ಕೋಪಿನಡಿಯಲ್ಲಿ ರಕ್ತಕಣಗಳು ನಡುಗುತ್ತಿದ್ದವು. ಅದು ದಾಟುವ ತನಕ ಕಣ್ಣು ತೆಗೆದು ಕೂರುತ್ತಿದ್ದೆ. ವಾರ್ಡು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಅವರಿಗೆ ಲ್ಯಾಬೆಂದರೆ ತಾವು ಆಗಲೇ ಹೇಳಿದ್ದಕ್ಕೆ ಹೂಂಗುಟ್ಟುವ ಜಾಗ. ಹೂಂಗುಟ್ಟದಿದ್ದರೆ ಲ್ಯಾಬೇ ಕೆಟ್ಟಿದೆ ಎಂದು ಅರ್ಥ.

ಆ ಹೆಣ್ಣುಮಗಳು ಬಂದದ್ದು ಕೋಗಿಲಿನಿಂದ, ಅತ್ತೆಯ ಜೊತೆ. ವಯಸ್ಸು ಇಪ್ಪತ್ತು ದಾಟಿತ್ತೋ ಇಲ್ಲವೋ. ದ್ರಾಕ್ಷಿ ತೋಟದ ಮನೆ. ಗಂಡ ಹಣ್ಣಿನ ಬುಟ್ಟಿಗಳ ಜೊತೆ ಮಾರ್ಕೆಟ್ಟು ಸುತ್ತುವವನು, ಆಸ್ಪತ್ರೆಯ ಕಡೆ ತಲೆ ಹಾಕಿದ್ದು ಕಡಿಮೆ. ಏನು ಕೇಳಿದರೂ ಉತ್ತರ ಅತ್ತೆಯದು. ಊಟ ಸೇರುತ್ತದೆಯೇ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ, ನಡೆದರೆ ಏದುಸಿರು ಬರುತ್ತದೆಯೇ, ಎಲ್ಲಕ್ಕೂ ಅತ್ತೆಯೇ ಹೇಳಬೇಕು. ಸೊಸೆ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದಳು. ತುಟಿಗೂ ಹಲ್ಲಿಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ.

ಮೊದಲು ಕಬ್ಬಿಣದ ಮಾತ್ರೆ ಕೊಟ್ಟರು, ಆಗಲಿಲ್ಲ. ಮಾತ್ರೆ ನುಂಗುತ್ತಿಲ್ಲ, ಎಸೆಯುತ್ತಾಳೆ ಎಂದು ಅವಳನ್ನೇ ಬೈದು ಚುಚ್ಚುಮದ್ದು ಶುರು ಮಾಡಿದರು. ಕಬ್ಬಿಣದ ಚುಚ್ಚುಮದ್ದು ಕಾಫಿಯ ಗಸಿಯ ಹಾಗೆ ಕಪ್ಪಗೆ ಇರುತ್ತದೆ, ಚುಚ್ಚಿದ ಕಡೆ ಚರ್ಮಕ್ಕೆ ಕಲೆ ಬಿಡುತ್ತದೆ. ಸುತ್ತಲ ಹಳ್ಳಿಯವರಿಗೆ ಅದು 'ಕರಿ ಸೂಜಿ'. ಅದರ ಮೇಲೆ ಅವರಿಗೆ ದೇವರಷ್ಟೇ ನಂಬಿಕೆ. ಸೊಸೆಯ ಸೊಂಟದ ಕೆಳಗೆ ಎರಡೂ ಕಡೆ ಕಲೆ ತುಂಬಿತು, ರಕ್ತ ಮಾತ್ರ ಇಳಿಯುತ್ತಲೇ ಹೋಯಿತು. ದೊಡ್ಡ ಡಾಕ್ಟರು ಹುಳು ಎಂದರು. ನಾನು ಮತ್ತೆ ಮತ್ತೆ ಮಲ ಪರೀಕ್ಷೆ ಮಾಡಿದೆ. ಹುಳುವಿನ ಒಂದು ಮೊಟ್ಟೆಯೂ ಕಾಣಲಿಲ್ಲ. ಸರಿಯಾಗಿ ನೋಡಿ ಎಂದರು. ನೋಡುವುದಕ್ಕಲ್ಲದೆ ಮತ್ತೇನಕ್ಕೆ ನನಗೆ ಸಂಬಳ ಕೊಡುತ್ತಿದ್ದರೋ ಕಾಣೆ.

ಇಲ್ಲಿ ಸ್ವಲ್ಪ ಶರೀರದ ವಿಚಾರ ಹೇಳಬೇಕು. ನಮ್ಮ ದೇಹ ಕಬ್ಬಿಣದ ವಿಷಯದಲ್ಲಿ ಹಳೆಯ ಕಾಲದ ಒಕ್ಕಲಿನ ಮನೆಯಂಥದು. ಬಂದದ್ದನ್ನೆಲ್ಲ ಅವತ್ತೇ ಖರ್ಚು ಮಾಡುವುದಿಲ್ಲ. ಯಕೃತ್ತಿನಲ್ಲಿ, ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ ಕೂಡಿಡುತ್ತದೆ. ಹೊಲದಂಚಿನಲ್ಲಿ ಗುಂಡಿ ತೋಡಿ, ರಾಗಿ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಎಳೆಯುವ ಹಗೇವಿನ ಹಾಗೆ. ರಕ್ತ ಕಡಿಮೆಯಾದಾಗ ದೇಹ ಮೊದಲು ಹಗೇವು ಬರಿದು ಮಾಡುತ್ತದೆ. ಕಬ್ಬಿಣದ ಕೊರತೆಯೇ ನಿಜವಾದರೆ ಮಜ್ಜೆಯಲ್ಲಿ ಕಬ್ಬಿಣದ ಒಂದು ಚೂರೂ ಸಿಗಬಾರದು. ಸಿಕ್ಕರೆ ರೋಗ ಬೇರೆ: ರಾಗಿ ಇದೆ, ಬೀಸುವ ಕಲ್ಲು ನಿಂತಿದೆ. ಆಗ ಮೇಲಿಂದ ಸುರಿಯುವ ಕಬ್ಬಿಣ ರಕ್ತವಾಗುವುದಿಲ್ಲ. ಹೊರಗೆ ಹಾಕುವ ದಾರಿಯೂ ದೇಹಕ್ಕೆ ಇಲ್ಲ. ಅದು ಯಕೃತ್ತಿನಲ್ಲೂ ಹೃದಯದಲ್ಲೂ ಕೂತು ಅವನ್ನು ನಿಧಾನವಾಗಿ ಕೆಡಿಸುತ್ತದೆ.

ಹೊರಗಿನಿಂದ ಹಗೇವು ತುಂಬಿದೆಯೋ ಖಾಲಿಯೋ ಎಂದು ಹೇಳಲು ಆಗ ನಮಗಿದ್ದ ದಾರಿ ಒಂದೇ. ಎದೆಮೂಳೆಗೆ ದಪ್ಪ ಸೂಜಿ ಚುಚ್ಚಿ ಒಂದು ತೊಟ್ಟು ಮಜ್ಜೆ ಎಳೆದು, ಗಾಜಿನ ಮೇಲೆ ಹರಡಿ, ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರವದಲ್ಲಿ ಮುಳುಗಿಸುವುದು. ಕಬ್ಬಿಣ ಎಲ್ಲಿದೆಯೋ ಅಲ್ಲಿ ಅಚ್ಚ ನೀಲಿ ಬಣ್ಣ ಬರುತ್ತದೆ. ನಾನು ಹಟ ಹಿಡಿದು ಒಪ್ಪಿಗೆ ಪಡೆದು ಆಯುಧಪೂಜೆ ಮುಗಿದ ಮಾರನೆಯ ದಿನ ಸೊಸೆಯ ಮಜ್ಜೆ ತೆಗೆದೆ. ಮರಗಟ್ಟಿಸುವ ಔಷಧಿ ಚರ್ಮಕ್ಕೆ ಕೆಲಸ ಮಾಡುತ್ತದೆ, ಮಜ್ಜೆ ಎಳೆಯುವಾಗಿನ ನೋವಿಗೆ ಔಷಧಿ ಇಲ್ಲ. ಅವಳು ಕೂಗಲಿಲ್ಲ, ಕೂಗುವ ಶಕ್ತಿಯೂ ಇರಲಿಲ್ಲವೇನೋ. ಗಾಜು ನೋಡಿದರೆ ನೀಲಿಯೋ ನೀಲಿ. ನಾನು ಹಿಗ್ಗಿ ವಾರ್ಡಿಗೆ ಹೋಗಿ ಹೇಳಿದೆ.

ದೊಡ್ಡ ಡಾಕ್ಟರು ದಡ್ಡರಲ್ಲ. ಹುಳು ತುಂಬಿ ಕಬ್ಬಿಣವೆಲ್ಲ ಸೋರಿಹೋಗಿದ್ದ ಇನ್ನೊಬ್ಬ ರೋಗಿಯ ಮಜ್ಜೆಯ ಗಾಜು ನಮ್ಮಲ್ಲಿ ಇತ್ತು. ಅದಕ್ಕೂ ಇದೇ ಬಣ್ಣ ಹಾಕಿ ತೋರಿಸಿ ಎಂದರು. ಪ್ರಶ್ನೆ ಸರಿಯಾದದ್ದೇ. ಹಾಕಿದೆ. ಅದೂ ನೀಲಿ. ಮಜ್ಜೆಯಿಲ್ಲದ ಬರಿ ಗಾಜು ಅದ್ದಿ ನೋಡಿದೆ. ಅದರ ಮೇಲೂ ನೀಲಿ ಚುಕ್ಕಿಗಳು.

ಮರುದಿನ ರೌಂಡ್ಸಿನಲ್ಲಿ ನರ್ಸುಗಳು, ರೋಗಿಗಳು, ರೋಗಿಗಳ ಕಡೆಯವರು ಎಲ್ಲರ ಎದುರಿಗೂ ಅವರು ಹೇಳಿದರು: "ನಿಮ್ಮ ಲ್ಯಾಬಲ್ಲಿ ಗಾಜಿಗೂ ಕಬ್ಬಿಣ ಜಾಸ್ತಿ ಆಗಿದೆ ಕಣಮ್ಮಾ. ಅದಕ್ಕೂ ಒಂದು ರಿಪೋರ್ಟ್ ಕೊಟ್ಬಿಡಿ."

ಎಲ್ಲರೂ ನಕ್ಕರು. ಏನು ಅರ್ಥವಾಯಿತೋ, ಅತ್ತೆಯೂ ನಕ್ಕಳು. ನಗದೇ ಇದ್ದವಳು ಸೊಸೆ ಒಬ್ಬಳೇ. ಅದೇ ಉಸಿರಿನಲ್ಲಿ ದೊಡ್ಡ ಡಾಕ್ಟರು ತೀರ್ಮಾನವನ್ನೂ ಹೇಳಿದರು. ಚುಚ್ಚಿ ಚುಚ್ಚಿ ಕೊಡುವುದು ಸಾಕು, ನಾಳೆಯಲ್ಲ ನಾಡಿದ್ದು ಬೆಳಿಗ್ಗೆ ದೇಹಕ್ಕೆ ಬೇಕಾದಷ್ಟು ಕಬ್ಬಿಣವನ್ನು ಒಂದೇ ಬಾಟಲಿಯಲ್ಲಿ ಹಾಕಿ ನರದೊಳಗೆ ಡ್ರಿಪ್ ಬಿಡುವುದು. ಹೊಸ ಪದ್ಧತಿ, ನಮ್ಮ ಆಸ್ಪತ್ರೆಯಲ್ಲಿ ಅದೇ ಮೊದಲು. ಅವರ ಮುಖದಲ್ಲಿ ಹೊಸ ಕಾರು ಕೊಂಡವರ ಖುಷಿ ಇತ್ತು.

ನಾನು ಲ್ಯಾಬಿಗೆ ಬಂದು ಬಾಗಿಲು ದಡಾರನೆ ಹಾಕಿಕೊಂಡೆ. ಅವಮಾನದಲ್ಲಿ ಕಣ್ಣು ಮಂಜಾಗಿತ್ತು, ಆದರೂ ಅದೇ ಗಾಜನ್ನು ಮತ್ತೆ ಇಟ್ಟು ನೋಡಿದೆ. ಈ ಸಲ ಫೋಕಸ್ ತಿರುಗಿಸುತ್ತಾ ನಿಧಾನವಾಗಿ ನೋಡಿದೆ. ನೀಲಿಯಲ್ಲಿ ಎರಡು ಬಗೆ ಇತ್ತು. ಒರಟು ಚುಕ್ಕಿಗಳು ಕಣಗಳ ಮೇಲೆ ತೇಲುತ್ತಿದ್ದವು. ಅವು ಸ್ಪಷ್ಟವಾದಾಗ ಕಣಗಳು ಮಸುಕಾಗುತ್ತಿದ್ದವು. ಅವು ಕಸ, ಅನುಮಾನವೇ ಇಲ್ಲ. ಕಣಗಳನ್ನು ಸ್ಪಷ್ಟ ಮಾಡಿಕೊಂಡರೆ ಒಳಗೂ ಸಣ್ಣ ನೀಲಿ ಕಾಳುಗಳು ಇದ್ದ ಹಾಗಿತ್ತು. ಆದರೆ ಮೇಲಿನ ಕಸದ ಗಲಾಟೆಯಲ್ಲಿ ಆಣೆ ಮಾಡಿ ಹೇಳುವಂತಿರಲಿಲ್ಲ.

ಕಸ ಎಲ್ಲಿಂದ ಬಂತು? ಆಯಾಳನ್ನು ಕರೆದು ಕೇಳಿದೆ. ಹಬ್ಬಕ್ಕೆ ನಾನು ರಜೆ ಹಾಕಿದ್ದೆ. ಆಯುಧಪೂಜೆಗೆ ಎಲ್ಲ ಸಾಮಾನು ಥಳಥಳ ಎನ್ನಬೇಕೆಂದು ದೊಡ್ಡ ಡಾಕ್ಟರೇ ಖುದ್ದಾಗಿ ಬಂದು ಅಪ್ಪಣೆ ಕೊಟ್ಟಿದ್ದರಂತೆ. ಬಣ್ಣ ಹಿಡಿದು ಮಂಕಾಗಿದ್ದ ನಮ್ಮ ಗಾಜಿನ ಜಾಡಿಗಳನ್ನು ಆಯಾ, ಮನೆಯ ಹಿತ್ತಾಳೆ ಚೊಂಬು ಉಜ್ಜುವ ಹಾಗೆ ನುಣ್ಣನೆಯ ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಹೂವು ಮುಡಿಸಿ, ಕುಂಕುಮ ಇಟ್ಟಿದ್ದಳು. ಇಟ್ಟಿಗೆ ಕೆಂಪಗಿರುವುದೇ ಕಬ್ಬಿಣದಿಂದ. ಜಾಡಿಯ ಮೂಲೆಮೂಲೆಗಳಲ್ಲಿ, ಗಾಜು ನಿಲ್ಲಿಸುವ ಗೆರೆಗಳಲ್ಲಿ ಆ ಕೆಂಪು ಧೂಳು ಕೂತಿತ್ತು. ಆಯಾಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ಹೇಳಿದ್ದನ್ನು ಮಾಡಿದ್ದಳು. ಹೇಳಿದವರು ಮೇಲೆ ನಿಂತು ನನ್ನನ್ನು ನಗೆಪಾಟಲು ಮಾಡಿದ್ದರು. ಹೋಗಿ ಅದನ್ನೇ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋಣ ಅನ್ನಿಸಿತು. ಹೇಳಿ ಪ್ರಯೋಜನವಿರಲಿಲ್ಲ. ಬೇಕಾಗಿದ್ದದ್ದು ಒಂದು ಶುದ್ಧವಾದ ಗಾಜು.

ಜಾಡಿಗಳನ್ನೆಲ್ಲ ಆಮ್ಲದಲ್ಲಿ ನೆನೆಹಾಕಿದೆ. ತೊಳೆಯಲು ನೀರು? ನಮ್ಮ ಬಟ್ಟಿಯಿಳಿಸುವ ಪಾತ್ರೆ ಕೆಟ್ಟು ಎಷ್ಟೋ ಕಾಲವಾಗಿತ್ತು, ನಲ್ಲಿಯ ನೀರು ತುಕ್ಕುಹಿಡಿದ ಪೈಪಿನಲ್ಲಿ ಬರುತ್ತಿತ್ತು. ಯಶವಂತಪುರದ ಲಾರಿ ರಿಪೇರಿ ಅಂಗಡಿಯಿಂದ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರಿನ ಸೀಸೆ ತರಿಸಿದೆ. ಅದರಲ್ಲಿ ಎರಡು ಹನಿ ತೆಗೆದು ಬಣ್ಣಕ್ಕೆ ಬಿಟ್ಟು ನೋಡಿದೆ. ನೀಲಿ ಬರಲಿಲ್ಲ. ತೊಳೆದ ಜಾಡಿಯಲ್ಲಿ ಬರಿ ಗಾಜು ಅದ್ದಿದೆ, ಅದು ಒಂದು ಚುಕ್ಕಿಯೂ ಇಲ್ಲದೆ ಹೊರಬಂತು. ಹುಳುವಿನ ರೋಗಿಯ ಇನ್ನೊಂದು ಗಾಜು ಅದ್ದಿದೆ, ಅದರಲ್ಲೂ ನೀಲಿಯ ಸುಳಿವಿಲ್ಲ. ಎಲ್ಲ ಸರಿಯಾಯಿತು, ಆದರೆ ಸೊಸೆಯ ಒಳ್ಳೆಯ ಗಾಜುಗಳೆಲ್ಲ ಆ ಇಟ್ಟಿಗೆ ಪುಡಿಗೆ ಬಲಿಯಾಗಿದ್ದವು. ಇನ್ನೊಮ್ಮೆ ಅವಳ ಎದೆಗೆ ಸೂಜಿ ಇಳಿಸದೆ ದಾರಿಯಿರಲಿಲ್ಲ.

ಡ್ರಿಪ್ಪಿನ ಹಿಂದಿನ ದಿನ ಮಧ್ಯಾಹ್ನ ದೊಡ್ಡ ಡಾಕ್ಟರು ಊಟಕ್ಕೆ ಹೋದ ಸಮಯ ನೋಡಿ ಹೋದೆ. ಅತ್ತೆ ಮಂಚಕ್ಕೆ ಅಡ್ಡ ನಿಂತಳು. "ನಾಳೆ ದೊಡ್ಡ ಸೂಜಿ ಆಕ್ತಾರಂತಲ್ಲ, ಮತ್ಯಾಕ್ ಮೂಳೆ ಕೊರೀತೀರಿ? ನಿಮ್ದು ನೀಲಿ ಬಣ್ಣದ್ ಆಟ ಎಲ್ಲಾರ್ಗೂ ಗೊತ್ತಾಗೈತೆ" ಎಂದಳು. ನಾನು ಸೊಸೆಯನ್ನು ಕೇಳಿದೆ, ಇನ್ನೊಂದು ಸಲ ನೋವು ತಡೆದುಕೊಳ್ಳುತ್ತೀಯಾ ಎಂದು. ಅವಳು ಅತ್ತೆಯ ಮುಖ ನೋಡದೆ ಆಗಲಿ ಎಂದು ತಲೆಯಾಡಿಸಿದಳು. ಅತ್ತೆಯನ್ನು ಹೊರಗೆ ಕಳಿಸಿ ಪರದೆ ಎಳೆದೆ.

ಎದೆಗೆ ಔಷಧಿ ಚುಚ್ಚಿ ಮರಗಟ್ಟಲು ಕಾಯುವಾಗ, ಅವಳನ್ನು ಸಮಾಧಾನ ಮಾಡಲೆಂದು ಹಗೇವಿನ ಮಾತು ಹೇಳಿದೆ. ನಿನ್ನ ಮೂಳೆಯಲ್ಲಿ ಹಗೇವು ಇದೆ, ಅದು ತುಂಬಿದೆಯೋ ಖಾಲಿಯೋ ನೋಡಬೇಕು, ತುಂಬಿದ್ದರೆ ನಾಳೆಯ ಬಾಟಲಿ ನಿನಗೆ ವಿಷ ಎಂದೆ. ತುಂಬಿದ್ದರೆ ಬೀಸುವ ಕಲ್ಲನ್ನು ನಿಲ್ಲಿಸಿದ್ದು ಯಾವುದೆಂದು ಹುಡುಕಬೇಕು, ಕೆಲವು ಔಷಧಿಗಳೂ ಹಾಗೆ ಮಾಡುತ್ತವೆ, ಆದರೆ ನೀನು ಬೇರೆ ಯಾವ ಔಷಧಿಯನ್ನೂ ತೆಗೆದುಕೊಂಡಿಲ್ಲವಂತಲ್ಲ ಎಂದೆ.

"ಅಂಗಂತ ಯಾರ್ ಏಳಿದ್ದು?"

ನಿಮ್ಮ ಅತ್ತೆ ಎಂದೆ.

"ನನ್ನ ಯಾರೂ ಕೇಳ್ನೇ ಇಲ್ಲ ಡಾಕ್ಟ್ರಮ್ಮ. ಓದ್ ವರ್ಸದಿಂದ ಕ್ಷಯದ್ ಮಾತ್ರೆ ನುಂಗ್ತಾ ಇವ್ನಿ. ಅತ್ತೆ ಎಲೆಅಡ್ಕೆ ಚೀಲದಾಗ್ ಮಡಗವ್ರೆ. ನಾದ್ನಿಗೆ ಗಂಡು ಗೊತ್ತಾಗೈತೆ, ಕ್ಷಯದ್ ಮನೆ ಅಂದ್ರೆ ಬಿಟ್ಟೋಯ್ತಾರೆ. ಯಾರ್ಗೂ ಏಳ್ಬ್ಯಾಡಿ."

ನನ್ನ ಕೈಯಲ್ಲಿ ಸೂಜಿ ಇತ್ತು, ಇಲ್ಲದಿದ್ದರೆ ಎದ್ದುಹೋಗಿ ಆ ಅತ್ತೆಯ ಚೀಲ ಕಿತ್ತುಕೊಂಡು ಬೀದಿಗೆ ಎಸೆಯುತ್ತಿದ್ದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆ ಕೆಲವರ ದೇಹದಲ್ಲಿ ಬಿ-ಆರು ಎಂಬ ಜೀವಸತ್ವವನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಅದಿಲ್ಲದೆ ಮಜ್ಜೆಗೆ ಕಬ್ಬಿಣವನ್ನು ರಕ್ತವಾಗಿ ಕಟ್ಟಲು ಬರುವುದಿಲ್ಲ. ವಿದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಅಂಥದೊಂದು ವರದಿ ಓದಿದ ನೆನಪು ನನಗಿತ್ತು. ಮಗಳ ಮದುವೆಗೋಸ್ಕರ ಸೊಸೆಯ ಜೀವ ಚೀಲದಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು ಆ ಹೆಂಗಸು. ಸೊಸೆಯ ಬಾಯಿಂದ ಒಂದು ಮಾತು ಕೇಳುವ ಪುರುಸೊತ್ತು ಯಾವ ಡಾಕ್ಟರಿಗೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಅವತ್ತು ಸಂಜೆಯ ಬೆಳಕಿರುವಾಗಲೇ ಗಾಜು ತಯಾರಾಯಿತು. ಈ ಸಲ ಕಸವಿಲ್ಲ, ಚುಕ್ಕಿಯಿಲ್ಲ. ಇನ್ನೂ ಹಣ್ಣಾಗದ ಕೆಂಪು ಕಣಗಳ ಒಳಗೆ, ನಡುವಿನ ಬೀಜವನ್ನು ಸುತ್ತಿಕೊಂಡು, ನೀಲಿ ಕಾಳುಗಳು ಉಂಗುರದ ಹಾಗೆ ಕೂತಿದ್ದವು. ಕಬ್ಬಿಣ ಅಂಗಳಕ್ಕೆ ಬಂದಿದೆ, ಒಳಗೆ ಸೇರಿಸಿಕೊಳ್ಳುವವರಿಲ್ಲ. ಅಷ್ಟು ಚೆಂದದ ಕೆಟ್ಟ ಸುದ್ದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೊಡ್ಡ ಡಾಕ್ಟರಿಗೆ ಹೇಳಿಕಳಿಸಿದೆ. ಬೆಳಿಗ್ಗೆ ನೋಡೋಣ ಎಂದು ಉತ್ತರ ಬಂತು.

ಬೆಳಿಗ್ಗೆ ನಾನು ವಾರ್ಡಿಗೆ ಹೋಗುವಷ್ಟರಲ್ಲಿ ಕಪ್ಪು ಬಾಟಲಿ ಕಂಬದಲ್ಲಿ ತೂಗುತ್ತಿತ್ತು. ನರ್ಸು ಸೊಸೆಯ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದಳು. ಲ್ಯಾಬಿನವಳು ವಾರ್ಡಿನ ಚಿಕಿತ್ಸೆಗೆ ಕೈ ಹಾಕುವುದೆಂದರೆ ಕೆಲಸ ಹೋಗುವ ಮಾತು, ಅದು ನನಗೆ ಗೊತ್ತಿತ್ತು. ಆ ಬಾಟಲಿ ನೋಡಿದ ಮೇಲೆ ಅದೆಲ್ಲ ಮರೆತೇ ಹೋಯಿತು. ಪಟ್ಟಿ ಬಿಚ್ಚಿದೆ. ಸೊಸೆಯ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಮಂಚದ ಮೇಲೆಯೇ ಕೂತೆ. ದೊಡ್ಡ ಡಾಕ್ಟರು ಬಂದರು. ಇದೇನು ನಾಟಕ ಎಂದು ಕೇಳಿದರು. ಡ್ರಿಪ್ ಹಾಕಕೂಡದು ಎಂದೆ.

"ಕಾರಣ?" ಎಂದರು, ಇಡೀ ವಾರ್ಡಿಗೆ ಕೇಳುವ ಹಾಗೆ.

ಪಕ್ಕದ ಮಂಚದವರು ಯಲಹಂಕದವರು. ಕೋಗಿಲಿನ ಮನೆಮನೆ ಅವರಿಗೆ ಗೊತ್ತು. ಅತ್ತೆ ಚೀಲವನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಮಡಿಲಲ್ಲಿದ್ದ ಕೈ ನನ್ನ ಸೀರೆಯನ್ನು ಹಿಡಿದುಕೊಂಡಿತು. ಕಾರಣವನ್ನು ಅಲ್ಲೇ ಕಿರುಚಿದ್ದರೆ ನಾನು ಗೆಲ್ಲುತ್ತಿದ್ದೆ, ಆದರೆ ಅವಳು ಆ ಮನೆಗೆ ವಾಪಸು ಹೋಗುವ ಹಾಗಿರುತ್ತಿರಲಿಲ್ಲ.

"ಕಾರಣ ಲ್ಯಾಬಲ್ಲಿದೆ ಸರ್," ಎಂದೆ. "ನೀವು ಬಂದು ನೋಡೋ ತನಕ ನಾನು ಇಲ್ಲಿಂದ ಏಳಲ್ಲ."

ಅವರು ಬಂದರು. ಕೋಪದಿಂದ ಧಡಧಡನೆ ನಡೆದುಕೊಂಡು ಬಂದರು, ಆದರೂ ಬಂದರು. ಮೊದಲು ಬರಿ ಗಾಜು ತೋರಿಸಿದೆ, ಆಮೇಲೆ ಹುಳುವಿನ ರೋಗಿಯದು, ಕೊನೆಗೆ ಸೊಸೆಯದು. ಇಟ್ಟಿಗೆ ಪುಡಿಯ ಕಥೆಯನ್ನೂ, ಅಪ್ಪಣೆ ಯಾರದೆಂಬುದನ್ನೂ ಬಿಡದೆ ಹೇಳಿದೆ. ಅಷ್ಟು ಸೇಡು ತೀರಿಸಿಕೊಳ್ಳದಿರುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅವರು ಬಗ್ಗಿದಲ್ಲೇ, ತಾವು ಚುಚ್ಚಿಸಿದ ಕಬ್ಬಿಣವೇ ಅಲ್ಲವೇ ಇದು ಎಂದರು. ಚುಚ್ಚಿದ ಕಬ್ಬಿಣ ಕೂಡಿಡುವ ದೊಡ್ಡ ಕಣಗಳಲ್ಲಿ ಮುದ್ದೆಯಾಗಿ ಇರುತ್ತದೆ, ಪಕ್ಕಕ್ಕೆ ಸರಿಸಿ ನೋಡಿದರೆ ಅದೂ ಇದೆ. ಎಳೆಯ ಕಣದ ಬೀಜಕ್ಕೆ ಉಂಗುರ ಕಟ್ಟುವುದು ಚುಚ್ಚಿದ್ದರಿಂದ ಅಲ್ಲ ಎಂದೆ. ಆಗ ಗೂಡ್ಸ್ ರೈಲು ಬಂತು. ಅವರು ಕಣ್ಣು ತೆಗೆದರು, ರೈಲು ದಾಟುವ ತನಕ ಗೋಡೆ ನೋಡುತ್ತಾ ಕಾದರು, ಮತ್ತೆ ಬಗ್ಗಿದರು. ಕ್ಷಯದ ಮಾತ್ರೆಯ ವಿಷಯವನ್ನು ಮೆಲ್ಲಗೆ ಹೇಳಿದೆ. ಒಂದು ವಾರ ಬಿ-ಆರು ಕೊಟ್ಟು ನೋಡಿ, ಆಗದಿದ್ದರೆ ಡ್ರಿಪ್ ಎಂದು ಹೇಳಿ ಹೋದರು.

ಕ್ಷಯದ ಮಾತ್ರೆ ನಿಲ್ಲಿಸಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಅದರ ಜೊತೆಗೆ ಬಿ-ಆರು ಕೊಟ್ಟೆವು. ವಾರ ತುಂಬುವ ಮುಂಚೆಯೇ ಅವಳ ರಕ್ತದಲ್ಲಿ ಹೊಸದಾಗಿ ಹುಟ್ಟಿದ ಕಣಗಳು ಗುಂಪುಗುಂಪಾಗಿ ಕಾಣಿಸಿಕೊಂಡವು. ತಿಂಗಳಾಗುವಷ್ಟರಲ್ಲಿ ತುಟಿಗೂ ಹಲ್ಲಿಗೂ ಬೇರೆ ಬೇರೆ ಬಣ್ಣ ಬಂತು. ಅತ್ತೆ ವಾರ್ಡಿಗೆಲ್ಲ ದ್ರಾಕ್ಷಿ ಹಂಚಿ, ಕರಿ ಸೂಜಿ ಕೊನೆಗೂ ಕೈ ಹಿಡಿಯಿತು ಎಂದಳು.

ನಿಜವಾದ ಸಿಟ್ಟು ಬಂದದ್ದು ಅವಳನ್ನು ಮನೆಗೆ ಕಳಿಸುವ ದಿನ. ಆಸ್ಪತ್ರೆಯಿಂದ ಕೊಡುವ ಕಾರ್ಡಿನಲ್ಲಿ ದೊಡ್ಡ ಡಾಕ್ಟರು 'ಕಬ್ಬಿಣದ ಕೊರತೆ, ಗುಣವಾಗಿದೆ' ಎಂದು ಬರೆದಿದ್ದರು. ಅವರಿಗೆ ಮಾನ ಉಳಿಯಬೇಕಿತ್ತು, ಅತ್ತೆಗೆ ಮಗಳ ಮದುವೆ ಉಳಿಯಬೇಕಿತ್ತು. ಜೀವಮಾನದಲ್ಲಿ ಮುಖ ಕೊಟ್ಟು ಮಾತಾಡದ ಇಬ್ಬರೂ ಆ ಒಂದು ಸುಳ್ಳಿನಲ್ಲಿ ನೆಂಟರಾಗಿದ್ದರು. ಕಾರ್ಡು ತಿದ್ದಿ ಎಂದು ಅವರ ಕೋಣೆಗೆ ಹೋಗಿ ಜಗಳವಾಡಿದೆ. ಕ್ಷಯವೆಂದು ಬರೆಯಬೇಡಿ, ಇವಳಿಗೆ ಕಬ್ಬಿಣ ಕೊಡಬಾರದು ಎಂದಷ್ಟೇ ಬರೆಯಿರಿ ಎಂದೆ. ತಾವು ಬರೆದದ್ದನ್ನು ತಾವು ತಿದ್ದುವುದಿಲ್ಲ ಎಂದರು. ಮುಂದೆ ಎಂದಾದರೂ, ಎಲ್ಲಾದರೂ, ಯಾರೋ ಒಬ್ಬರು ಆ ಕಾರ್ಡು ಓದಿ ಅವಳಿಗೆ ಮತ್ತೆ ಕಬ್ಬಿಣ ಸುರಿಯುತ್ತಾರೆ, ಅದರ ಬಗ್ಗೆ ಇಬ್ಬರಿಗೂ ಚಿಂತೆಯಿರಲಿಲ್ಲ.

ಸೊಸೆಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನಲ್ಲಿ ಅವಳ ಗಾಜನ್ನೇ ತೋರಿಸಿದೆ. ಒಂದು ಕಣ್ಣು ಮುಚ್ಚಲು ಬರದೆ ಸೆರಗಿನಿಂದ ಮುಚ್ಚಿಕೊಂಡು ನೋಡಿದಳು. ಆ ನೀಲಿಯೇ ನಿನ್ನ ಹಗೇವು, ಆ ಕಾರ್ಡಿನಲ್ಲಿ ಬರೆದಿರುವುದು ಸುಳ್ಳು, ಇನ್ನು ಮೇಲೆ ಯಾರು ಕಬ್ಬಿಣ ಕೊಡಲು ಬಂದರೂ ನೀನೇ ಬಾಯಿಬಿಟ್ಟು ಹೇಳಬೇಕು ಎಂದೆ. ಅವಳು ಸೆರಗು ಸರಿಮಾಡಿಕೊಂಡು ಅತ್ತೆಯ ಹಿಂದೆ ಬಸ್‌ಸ್ಟಾಪಿನ ಕಡೆ ಹೋದಳು. ಆ ಬಾಯಿ ತೆರೆಯುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ದಿನ ಯಲಹಂಕದ ಕಡೆಯ ಹೆರಿಗೆ ಆಸ್ಪತ್ರೆಯಿಂದ ಲೇಡಿ ಡಾಕ್ಟರೊಬ್ಬರು ಫೋನ್ ಮಾಡಿದರು. ದನಿಯಲ್ಲೇ ತಾಳ್ಮೆ ಮುಗಿದಿತ್ತು.

"ಕೋಗಿಲಿನ ಬಸುರಿ ಒಬ್ಬಳು ಬಂದಿದಾಳೆ ಕಣ್ರೀ. ಬಿಳಿಚಿಕೊಂಡಿದಾಳೆ, ಕಬ್ಬಿಣದ ಇಂಜೆಕ್ಷನ್ ಅಂದ್ರೆ ಕೈ ತಳ್ತಾಳೆ. ಮೊದಲು ನನ್ನ ಹಗೇವು ತೆಗೆದು ನೋಡಿ, ಆಮೇಲೆ ಸುರೀರಿ ಅಂತಾಳೆ. ಅತ್ತೆ ಪಕ್ಕದಲ್ಲೇ ಕೂತ್ಕೊಂಡು, ಅವಳ ಮಾತು ಕೇಳ್ಬೇಡಿ, ಹಾಕಿ ಅಂತಿದಾರೆ. ನಿಮ್ಮ ಆಸ್ಪತ್ರೆ ಕಾರ್ಡ್ ನೋಡಿದ್ರೆ ಕಬ್ಬಿಣದ ಕೊರತೆ ಅಂತ ಬರೆದಿದೆ. ನಾನು ಕಾರ್ಡ್ ನಂಬ್ಲೋ, ಇವಳನ್ನ ನಂಬ್ಲೋ?"

"ಅವಳನ್ನ," ಎಂದೆ.